ಪೆಲೆಟ್‌ಗೊಂದು ಹದ, ಸ್ಲಗ್‌ಗೊಂದು ಹದ: ಎಲೆಕ್ಟ್ರಾನಿಕ್ ಏರ್ ರೈಫಲ್ ಟ್ಯೂನಿಂಗ್

ಏರ್ ರೈಫಲ್‌ನ ಎರಡು ಬಗೆಯ ಗುಂಡುಗಳಾದ ಪೆಲೆಟ್ ಮತ್ತು ಸ್ಲಗ್ ಎರಡನ್ನೂ ಅಂಗೈಯಲ್ಲಿಟ್ಟು ನೋಡಿ. ಪೆಲೆಟ್‌ಗೆ ಡಮರುಗದ ಆಕಾರ: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ತೆಳುವಾದ ಟೊಳ್ಳು ಲಂಗ. ಹಿಂದಿನಿಂದ ಗಾಳಿ ನುಗ್ಗಿದಾಗ ಆ ಲಂಗ ಅರಳಿ ಬ್ಯಾರೆಲ್‌ನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಸ್ಲಗ್ ಹಾಗಲ್ಲ, ಅದು ಉದ್ದನೆಯ ಸೀಸದ ತುಂಡು. ಸೊಂಟವಿಲ್ಲ, ಮೈಯೆಲ್ಲ ಬ್ಯಾರೆಲ್‌ಗೆ ಉಜ್ಜುತ್ತ ಹೋಗುತ್ತದೆ. ಹಾರುವಾಗ ನೆಟ್ಟಗಿರಲು ತಿರುಗುವಿಕೆಯನ್ನೇ ನಂಬಿಕೊಂಡಿರುತ್ತದೆ. ಪೆಲೆಟ್‌ಗೆ ಕೂಡಿಸಿದ ಹದದಲ್ಲಿ ಸ್ಲಗ್ ಹಾರಿಸಿದರೆ ಗುರಿಯ ಮೇಲೆ ಬೀಳುವ ಗುಂಡುಗಳ ಗುಂಪು ಚದುರುವುದು ಇದೇ ಕಾರಣಕ್ಕೆ.

ಸಿಲಿಂಡರ್‌ನಲ್ಲಿ ಗಾಳಿ ತುಂಬಿಸಿಡುವ ಮಾಮೂಲಿ ಏರ್ ರೈಫಲ್‌ನಲ್ಲಿ ಸ್ಪ್ರಿಂಗ್ ಬಲದ ಸುತ್ತಿಗೆ ಬಡಿದು ಗಾಳಿ ಬಿಡುವ ವಾಲ್ವ್ ತೆರೆಯುತ್ತದೆ. ಎಲೆಕ್ಟ್ರಾನಿಕ್ ರೈಫಲ್‌ನಲ್ಲಿ ಆ ಕೆಲಸ ವಿದ್ಯುತ್ ಹರಿದಾಗ ಅಯಸ್ಕಾಂತವಾಗುವ ಸುರುಳಿಯಾದ ಸೊಲೆನಾಯ್ಡ್‌ನದು. ಅದಕ್ಕೆ ಎಷ್ಟು ಹೊತ್ತು ವಿದ್ಯುತ್ ಹರಿಯಬೇಕೆಂದು ಒಳಗಿನ ಚಿಪ್ ನಿರ್ಧರಿಸುತ್ತದೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಡೇಸ್ಟೇಟ್ ಕಂಪನಿ ಈ ಬಗೆಯ ರೈಫಲ್‌ಗಳಿಗೆ ಹೆಸರುವಾಸಿ. ಅದರ ಡೆಲ್ಟಾ ವುಲ್ಫ್‌ನಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಕೂಡ ಬಂದೂಕಿನಲ್ಲೇ ಇದೆ. ಈ ರೈಫಲ್‌ಗಳ ದೊಡ್ಡ ಅನುಕೂಲವೆಂದರೆ, ಒಮ್ಮೆ ಸಿಕ್ಕ ಹದಕ್ಕೆ ತಿಂಗಳ ಮೇಲೂ ಅದೇ ಅಂಕಿ ಒತ್ತಿ ಮರಳಬಹುದು.

ಮೊದಲು ಕಾನೂನು

ಇಂಗ್ಲೆಂಡಿನಲ್ಲಿ ಸಾಮಾನ್ಯ ಏರ್ ರೈಫಲ್‌ನ ಮಿತಿ 12 ಅಡಿ-ಪೌಂಡ್, ಅಂದರೆ 16.27 ಜೂಲ್. ಅದನ್ನು ದಾಟಿದರೆ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು 0.177 ಇಂಚು ವ್ಯಾಸದ ಗುಂಡಿನ, 20 ಜೂಲ್ ಮೀರದ ರೈಫಲ್ ಮಾತ್ರ. ಸ್ಲಗ್‌ನ ನಿಜವಾದ ಲಾಭ ಸಿಗುವುದು ಇದಕ್ಕಿಂತ ಬಹಳ ಮೇಲಿನ ಶಕ್ತಿಯಲ್ಲಿ. ಹಾಗಾಗಿ ಪರವಾನಗಿ ಇಲ್ಲದ ಓದುಗರು ಪೆಲೆಟ್‌ನ ಭಾಗವನ್ನಷ್ಟೇ ಅನುಸರಿಸಬೇಕು.

ಇಲ್ಲೊಂದು ಲೆಕ್ಕ ತಪ್ಪದೇ ಮಾಡಿ. ಶಕ್ತಿ ಎಂದರೆ ತೂಕದ ಅರ್ಧ ಗುಣಿಸು ವೇಗದ ವರ್ಗ. ಒಂದು ಗ್ರೇನ್ ಅಂದರೆ 0.0648 ಗ್ರಾಂ. 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ 265 ಮೀಟರ್ ಹೋದರೆ 19.2 ಜೂಲ್, ಮಿತಿಯೊಳಗೇ ಇದೆ. ಅದೇ ಹದದಲ್ಲಿ 10.34 ಗ್ರೇನ್ ಪೆಲೆಟ್ ಹಾಕಿದಾಗ ವೇಗ 250ಕ್ಕೆ ಇಳಿಯಿತೆನ್ನಿ. ಶಕ್ತಿ ಮಾತ್ರ 20.9 ಜೂಲ್‌ಗೆ ಏರಿರುತ್ತದೆ! ಗಾಳಿ ತುಂಬಿಸುವ ರೈಫಲ್‌ಗಳಲ್ಲಿ ಭಾರದ ಗುಂಡೇ ಹೆಚ್ಚು ಶಕ್ತಿ ಪಡೆಯುತ್ತದೆ. ಆದ್ದರಿಂದ ನಿಮ್ಮಲ್ಲಿರುವ ಅತಿ ಭಾರದ ಪೆಲೆಟ್‌ನಿಂದಲೇ ಮಿತಿ ಪರೀಕ್ಷಿಸಿ.

ಶುರು ಮಾಡುವ ಮುನ್ನ

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಚಾರ್ಜ್ ಕಡಿಮೆಯಾದರೆ ಸೊಲೆನಾಯ್ಡ್‌ನ ಬಲ ಕುಗ್ಗಿ ವೇಗ ಬೀಳುತ್ತದೆ, ನೀವು ವಾಲ್ವ್‌ಗೆ ಹೋಗುವ ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರನ್ನು ಬೈಯುತ್ತ ಕೂರುತ್ತೀರಿ. ಬ್ಯಾರೆಲ್‌ಗೆ ಬಟ್ಟೆ ಎಳೆದು ಸ್ವಚ್ಛ ಮಾಡಿ, ಮತ್ತೆ ಸೀಸದ ತೆಳುಪದರ ಕೂರಲು 20–30 ಗುಂಡು ಹಾರಿಸಿ. ಅಲ್ಲಿಯವರೆಗೆ ಬಂದ ಯಾವ ಅಂಕಿಯನ್ನೂ ನಂಬಬೇಡಿ. ಗುಂಡುಗಳನ್ನು ತೂಗಿ, ತೂಕ ತೀರಾ ಬೇರೆ ಇರುವುದನ್ನು ಪಕ್ಕಕ್ಕಿಡಿ. ಕಣ್ಣಿಗೆ ಕನ್ನಡಕ, ಗುರಿಯ ಹಿಂದೆ ಗುಂಡು ತಡೆಯುವ ಗಟ್ಟಿ ತಡೆ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈತೊಳೆಯುವುದು, ಈ ಮೂರೂ ಕಡ್ಡಾಯ.

ಪೆಲೆಟ್‌ನ ಹದ

ರೆಗ್ಯುಲೇಟರ್ ಒತ್ತಡವನ್ನು ಮುಟ್ಟಬೇಡಿ. ಸೊಲೆನಾಯ್ಡ್‌ನ ಪಲ್ಸನ್ನು, ಅಂದರೆ ವಿದ್ಯುತ್ ಹರಿಯುವ ಹೊತ್ತನ್ನು ಮಾತ್ರ ಸಣ್ಣ ಮೆಟ್ಟಿಲುಗಳಲ್ಲಿ ಏರಿಸುತ್ತ ಹೋಗಿ. ಪ್ರತಿ ಮೆಟ್ಟಿಲಿಗೂ ಐದು ಗುಂಡು ಹಾರಿಸಿ ವೇಗ ಬರೆದುಕೊಳ್ಳಿ. 0.22 ಇಂಚಿನ ಪೂರ್ಣ ಶಕ್ತಿಯ ರೈಫಲ್‌ನಲ್ಲಿ 18.13 ಗ್ರೇನ್ ಪೆಲೆಟ್‌ಗೆ ವೇಗದ ಅಂಕಿಗಳು (ಸೆಕೆಂಡಿಗೆ ಮೀಟರ್‌ಗಳಲ್ಲಿ) ಹೀಗೆ ಬಂದವು ಎಂದುಕೊಳ್ಳೋಣ: 255, 268, 276, 279, 280. ಮೊದಮೊದಲು ದಾಪುಗಾಲು, ಕೊನೆಗೆ ನಿಂತಲ್ಲೇ ನಿಂತಿದೆ. ಅಲ್ಲಿಂದ ಮುಂದೆ ಪಲ್ಸ್ ಏರಿಸಿದರೆ ಗಾಳಿ ಪೋಲಾಗಿ ಸದ್ದು ಹೆಚ್ಚುತ್ತದೆ, ಅಷ್ಟೇ. ಆ ಗರಿಷ್ಠಕ್ಕಿಂತ ಶೇ 3–5ರಷ್ಟು ಕೆಳಗೆ, ಇಲ್ಲಿ ಸುಮಾರು 266–272ರಲ್ಲಿ, ಹದ ಇರುತ್ತದೆ. ಬಹಳ ಕೆಳಗೆ ಇಳಿದರೂ ತೊಂದರೆ: ಅದು ಕಡಿದಾದ ಏರು, ಪಲ್ಸ್ ಕೂದಲೆಳೆಯಷ್ಟು ಬದಲಾದರೂ ವೇಗ ಕುಣಿಯುತ್ತದೆ. ಮಿತಿಯ ಕಾರಣಕ್ಕೆ ವೇಗ ತಗ್ಗಿಸಲೇಬೇಕಾದವರು ರೆಗ್ಯುಲೇಟರ್ ಒತ್ತಡವನ್ನೇ ಇಳಿಸಿ, ಮತ್ತೆ ಈ ಪರೀಕ್ಷೆ ಮಾಡಬೇಕು.

ಪೆಲೆಟನ್ನು ಸೆಕೆಂಡಿಗೆ 280 ಮೀಟರ್‌ನ ಆಚೆ ಓಡಿಸಬೇಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದರ ಹತ್ತಿರ ಹೋದಂತೆ ಗಾಳಿ ಪೆಲೆಟನ್ನು ಕದಡಿ, ತಲೆ ಸುರುಳಿ ಸುತ್ತುತ್ತದೆ.

ಸ್ಲಗ್‌ನ ಹದ

ಇಲ್ಲಿ ಮೊದಲು ನೋಡಬೇಕಾದದ್ದು ವ್ಯಾಸ, ವೇಗ ಆಮೇಲೆ. 0.22 ಇಂಚಿಗೆ ಸ್ಲಗ್‌ಗಳು 0.217 ಮತ್ತು 0.218 ಇಂಚಿನಲ್ಲಿ, ಅಂದರೆ 5.51 ಮತ್ತು 5.54 ಮಿ.ಮೀ.ನಲ್ಲಿ ಸಿಗುತ್ತವೆ. ಲೋಡ್ ಮಾಡುವಾಗ ಗುಂಡನ್ನು ಬ್ಯಾರೆಲ್‌ಗೆ ತಳ್ಳುವ ಬೋಲ್ಟ್‌ಗೆ ಸಣ್ಣ ಬಿಗಿತ ತಿಳಿಯಬೇಕು. ಸರಾಗವಾಗಿ ಜಾರಿ ಹೋದರೆ ಗಾಳಿ ಪಕ್ಕದಿಂದ ಸೋರುತ್ತದೆ. ಒತ್ತಿ ತುರುಕಬೇಕಾದರೆ ಸೀಸ ಹೆರೆದು ಬ್ಯಾರೆಲ್ ಬೇಗ ಕೊಳಕಾಗುತ್ತದೆ. ಮ್ಯಾಗಜಿನ್‌ನಲ್ಲಿ ಸ್ಲಗ್‌ನ ಉದ್ದ ಹಿಡಿಸುತ್ತದೆಯೇ, ಬ್ಯಾರೆಲ್‌ಗೆ ಕೂರುವಾಗ ಗಾಳಿಯ ರಂಧ್ರ ದಾಟುತ್ತದೆಯೇ ಎಂದೂ ನೋಡಿ. ಅರ್ಧಕ್ಕೆ ಕೂತ ಸ್ಲಗ್‌ನ ಅಂಚು ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗನ್ನು ಕತ್ತರಿಸುತ್ತದೆ.

ಭಾರದ ಸ್ಲಗ್‌ಗೆ ಪಲ್ಸ್ ಎಷ್ಟು ಏರಿಸಿದರೂ ವೇಗ ನಿಂತೇ ಇದ್ದರೆ ರೆಗ್ಯುಲೇಟರನ್ನು 5 ಬಾರ್‌ನಂತೆ ಏರಿಸಿ; ತಯಾರಕರು ಹೇಳಿದ ಗರಿಷ್ಠ ದಾಟಬೇಡಿ. ಅತಿ ಏರಿಸಿದರೆ ವಾಲ್ವ್ ತೆರೆಯಲು ಸೊಲೆನಾಯ್ಡ್‌ಗೆ ಬಲ ಸಾಲದೆ ವೇಗ ಉಲ್ಟಾ ಬೀಳುತ್ತದೆ. ಇಳಿಸಬೇಕಾದಾಗ ಇನ್ನೂ ಜಾಗ್ರತೆ: ರೆಗ್ಯುಲೇಟರ್ ಮತ್ತು ವಾಲ್ವ್ ನಡುವೆ ಹಳೆಯ ಒತ್ತಡದ ಗಾಳಿ ನಿಂತಿರುತ್ತದೆ. ಅದನ್ನು ಖಾಲಿ ಮಾಡದೆ ಸ್ಕ್ರೂ ತಿರುಗಿಸಿದರೆ ಮೀಟರ್ ಸುಳ್ಳು ಹೇಳುತ್ತದೆ, ರೆಗ್ಯುಲೇಟರ್‌ಗೂ ಪೆಟ್ಟು. ಗಾಳಿ ತುಂಬಿರುವಾಗ ಸಿಲಿಂಡರ್‌ನ ಯಾವ ಜೋಡಣೆಯನ್ನೂ ಬಿಚ್ಚಕೂಡದು.

ಸ್ಲಗ್‌ಗೆ 280ರಿಂದ 300 ಮೀಟರ್ ವೇಗದವರೆಗೆ 3 ಮೀಟರ್‌ನಂತೆ ಏರಿಸುತ್ತ, 50 ಮೀಟರ್ ದೂರದ ಕಾಗದಕ್ಕೆ ಹತ್ತತ್ತು ಗುಂಡಿನ ಗುಂಪು ಹಾಕಿ. ಐದು ಗುಂಡಿನ ಗುಂಪು ಅದೃಷ್ಟಕ್ಕೂ ಚಿಕ್ಕದಾಗಬಹುದು. ಯಾವ ವೇಗದಲ್ಲೂ ಗುಂಪು ಕೂಡದಿದ್ದರೆ ತಪ್ಪು ಬಹುಶಃ ಹದದ್ದಲ್ಲ, ಗುಂಡನ್ನು ತಿರುಗಿಸಲು ಬ್ಯಾರೆಲ್‌ನ ಒಳಗೆ ಕೊರೆದ ಸುರುಳಿ ಗೀರುಗಳ ತಿರುವಿನದು. ಪೆಲೆಟ್‌ಗೆಂದೇ ಮಾಡಿದ, ಸುಮಾರು 450 ಮಿ.ಮೀ.ಗೆ ಒಂದು ಸುತ್ತಿನ ಬ್ಯಾರೆಲ್‌ಗೆ ಉದ್ದನೆಯ ಸ್ಲಗ್ಗನ್ನು ನೆಟ್ಟಗಿಡುವುದು ಕಷ್ಟ. ಗಿಡ್ಡ, ಹಗುರ ಸ್ಲಗ್ ಪ್ರಯತ್ನಿಸಿ, ಇಲ್ಲವೇ ಬ್ಯಾರೆಲ್ ಬದಲಿಸಿ.

ಅಂಕಿಗಳು ಏನು ಹೇಳುತ್ತವೆ

ಹತ್ತು ಗುಂಡಿನಲ್ಲಿ ಗರಿಷ್ಠ–ಕನಿಷ್ಠ ವೇಗದ ವ್ಯತ್ಯಾಸ 3 ಮೀಟರ್‌ನೊಳಗಿದ್ದರೆ ಒಳ್ಳೆಯ ಹದ. ಬಂದೂಕು ಅರ್ಧ ಗಂಟೆ ಸುಮ್ಮನಿದ್ದು ಮೊದಲ ಗುಂಡು ಮಾತ್ರ ಜೋರಾಗಿ ಹೋದರೆ ರೆಗ್ಯುಲೇಟರ್ ಒಳಗೊಳಗೇ ಸೋರಿ ಒತ್ತಡ ಏರಿಸುತ್ತಿದೆ. ಬೇಗ ಬೇಗ ಹಾರಿಸಿದಾಗ ಮಾತ್ರ ವೇಗ ಇಳಿದರೆ ರೆಗ್ಯುಲೇಟರ್ ತುಂಬಲು ಹೊತ್ತು ಸಾಲುತ್ತಿಲ್ಲ. ಹೇಗೆಂದರೆ ಹಾಗೆ ಏರಿಳಿದರೆ ಮೊದಲು ಬೋಲ್ಟ್‌ನ ತುದಿಯ ಪ್ರೋಬ್‌ನ ಓ-ರಿಂಗ್, ಆಮೇಲೆ ಗುಂಡುಗಳ ತೂಕ ನೋಡಿ.

ಎರಡೂ ಹದ ಸಿಕ್ಕ ಮೇಲೆ ಬೇರೆ ಬೇರೆ ಪ್ರೊಫೈಲ್‌ನಲ್ಲಿ ಉಳಿಸಿ. ಜೊತೆಗೆ ಒಂದು ಚೀಟಿಯಲ್ಲಿ ಗುಂಡಿನ ತೂಕ, ವ್ಯಾಸ, ರೆಗ್ಯುಲೇಟರ್ ಒತ್ತಡ, ವೇಗ, ಸ್ಕೋಪ್‌ನ ಕ್ಲಿಕ್ ಬರೆದು ಬಂದೂಕಿನ ಚೀಲದಲ್ಲಿಡಿ. ಪ್ರೊಫೈಲ್ ಬದಲಿಸಿದರೆ ಸ್ಕೋಪ್ ತಾನಾಗಿ ಬದಲಾಗುವುದಿಲ್ಲ; ರೆಗ್ಯುಲೇಟರ್‌ನ ಸ್ಕ್ರೂ ಕೈಯಿಂದ ತಿರುಗಿಸುವಂಥದ್ದಾದರೆ ಅದೂ ಅಷ್ಟೆ. ಪೆಲೆಟ್‌ನಿಂದ ಸ್ಲಗ್‌ಗೆ ಹೋದಾಗಲೆಲ್ಲ ಬ್ಯಾರೆಲ್ ಒರೆಸಿ, ಹತ್ತಿಪ್ಪತ್ತು ಗುಂಡು ಹಾರಿಸಿದ ಮೇಲೇ ಗುರಿ ಪರೀಕ್ಷಿಸಿ.