ವರ್ಕರ್ ನಿಲ್ಲೋಕೆ ಯಾಕೆ 10 ಸೆಕೆಂಡ್? ಡಾಕರ್ ಕಂಪೋಸ್ ಟಾಪ್ ಕೊಟ್ಟ ಉತ್ತರ

ಒಂದೊಂದು ಪ್ರೋಗ್ರಾಮನ್ನೂ ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವುದು ಡಾಕರ್; ಅಂಥ ಹಲವನ್ನು ಒಂದೇ ಫೈಲಿನಿಂದ ನಡೆಸುವುದು ಡಾಕರ್ ಕಂಪೋಸ್. ನಮ್ಮ ಪ್ರಾಜೆಕ್ಟಿನ ಕಂಪೋಸ್ ಫೈಲಿನಲ್ಲಿ ನಾಲ್ಕು ಸರ್ವಿಸ್‌ಗಳಿವೆ: ವೆಬ್, ವರ್ಕರ್ (ಹಿನ್ನೆಲೆಯಲ್ಲಿ ಕೆಲಸ ಮಾಡುವ ಪೈಥಾನ್ ಪ್ರೋಗ್ರಾಮ್), ರೆಡಿಸ್, ಪೋಸ್ಟ್‌ಗ್ರೆಸ್. 'ಡಾಕರ್ ಕಂಪೋಸ್ ಸ್ಟಾಪ್' ಕೊಟ್ಟರೆ ಉಳಿದ ಮೂರೂ ಬೇಗ ನಿಲ್ಲುತ್ತಿದ್ದವು. ವರ್ಕರ್ ಮಾತ್ರ ಪ್ರತಿ ಸಲ 10 ಸೆಕೆಂಡ್ ಎಳೆದು, ಕೊನೆಗೆ 137 ಅಂತ ಎಕ್ಸಿಟ್ ಕೋಡ್ ಕೊಡುತ್ತಿತ್ತು. 137 ಅಂದರೆ ಸಿಗ್‌ಕಿಲ್, ಪ್ರೋಸೆಸ್ಸನ್ನು (ಓಡುತ್ತಿರುವ ಪ್ರೋಗ್ರಾಮನ್ನು) ತಕ್ಷಣ ಕೊಲ್ಲುವ ಸಿಗ್ನಲ್. ಬಲವಂತದ ಸಾವು.

ಇದು ಬರೀ ಕಾಯುವ ಬೇಸರ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ವರ್ಕರ್ ಕೈಯಲ್ಲಿದ್ದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಸಿಗ್‌ಟರ್ಮ್ (ನಿಲ್ಲು ಅಂತ ಮೊದಲು ಕೇಳಿಕೊಳ್ಳುವ ಸಿಗ್ನಲ್) ಬಂದರೆ ಕೈಯಲ್ಲಿರುವುದನ್ನು ಮುಗಿಸಿ ಹೊರಡು ಅಂತ ಪೈಥಾನ್ ಕೋಡಿನಲ್ಲಿ ನಾನೇ ಬರೆದಿದ್ದೆ. ಅದು ಓಡಿದ ಗುರುತು ಲಾಗಿನಲ್ಲಿ ಎಲ್ಲೂ ಇರಲಿಲ್ಲ.

ಮೊದಲು 'ಡಾಕರ್ ಕಂಪೋಸ್ ಪಿಎಸ್' ನೋಡಿದೆ. ಹೆಸರು ನೋಡಿ ಪ್ರೋಸೆಸ್ ತೋರಿಸುತ್ತೆ ಅನ್ನಿಸುತ್ತದೆ, ಅಲ್ವಾ? ಅದು ತೋರಿಸುವುದು ಕಂಟೇನರ್‌ಗಳ ಪಟ್ಟಿ ಅಷ್ಟೇ. ಎಲ್ಲ ಚೆನ್ನಾಗಿದೆ ಅಂತಲೇ ಹೇಳಿತು. ಆಮೇಲೆ 'ಡಾಕರ್ ಕಂಪೋಸ್ ಎಕ್ಸೆಕ್' ಮಾಡಿ ಕಂಟೇನರ್ ಒಳಗೆ ಹೋಗಿ, ಪ್ರೋಸೆಸ್‌ಗಳ ಪಟ್ಟಿ ಕೊಡುವ ಲಿನಕ್ಸಿನ 'ಪಿಎಸ್' ಹೊಡೆದೆ. ನಮ್ಮ ಕಂಟೇನರ್ ತಯಾರಾಗುವುದು ಸ್ಲಿಮ್ ಇಮೇಜಿನಿಂದ, ಅಂದರೆ ಬೇಡದ್ದನ್ನೆಲ್ಲ ತೆಗೆದ ಚಿಕ್ಕ ಅಚ್ಚಿನಿಂದ; ಅದರಲ್ಲಿ ಆ ಕಮಾಂಡೇ ಇಲ್ಲ.

ಆಗ ಕೊಟ್ಟಿದ್ದು 'ಡಾಕರ್ ಕಂಪೋಸ್ ಟಾಪ್ ವರ್ಕರ್'. ಸರ್ವಿಸ್ ಹೆಸರು ಕೊಡದಿದ್ದರೆ ನಾಲ್ಕರ ಪ್ರೋಸೆಸ್‌ಗಳೂ ಒಟ್ಟಿಗೆ ಬರುತ್ತವೆ. ಪೋಸ್ಟ್‌ಗ್ರೆಸ್ ಒಂದೇ ಎಷ್ಟೋ ಸಾಲು ತುಂಬಿಸಿಬಿಡುತ್ತೆ, ಹಾಗಾಗಿ ಬೇಕಾದ್ದನ್ನಷ್ಟೇ ಕೇಳುವುದು ವಾಸಿ. ಇದಕ್ಕೆ ಇಮೇಜಿನೊಳಗೆ ಪಿಎಸ್ ಇರಬೇಕಾಗಿಲ್ಲ. ಡಾಕರ್ ಹೊರಗಿನ ಹೋಸ್ಟ್‌ನಲ್ಲಿರುವ (ಕಂಟೇನರ್‌ಗಳು ಓಡುತ್ತಿರುವ ಮಷಿನ್‌ನಲ್ಲಿರುವ) ಪಿಎಸ್ ಅನ್ನೇ ಬಳಸಿಕೊಳ್ಳುತ್ತದೆ.

ಬಂದಿದ್ದು ಎರಡು ಸಾಲು. ಮೊದಲನೆಯದು ನಮ್ಮ ಸ್ಟಾರ್ಟ್ ಸ್ಕ್ರಿಪ್ಟ್ ಓಡಿಸುತ್ತಿದ್ದ ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಮ್), ಪಿಐಡಿ ಅಂದರೆ ಪ್ರೋಸೆಸ್ ನಂಬರ್ 18452. ಎರಡನೆಯದು ಪೈಥಾನ್, ಪಿಐಡಿ 18467. ಅದರ ಪಿಪಿಐಡಿ ಕಾಲಮ್ಮಿನಲ್ಲಿ, ಅಂದರೆ ಅದನ್ನು ಶುರು ಮಾಡಿದ ಪ್ರೋಸೆಸ್‌ನ ನಂಬರ್ ಇರುವ ಕಾಲಮ್ಮಿನಲ್ಲಿ, 18452. ಅಂದರೆ ಪೈಥಾನ್‌ನ ಅಪ್ಪ ಶೆಲ್. ನನಗೆ ಬೇಕಾಗಿದ್ದ ಉತ್ತರ ಈ ಒಂದು ಕಾಲಮ್ಮಿನಲ್ಲೇ ಇತ್ತು.

ಸ್ಟಾಪ್ ಕೊಟ್ಟಾಗ ಡಾಕರ್ ಸಿಗ್‌ಟರ್ಮ್ ಕಳಿಸುವುದು ಕಂಟೇನರಿನ ಮೊದಲ ಪ್ರೋಸೆಸ್‌ಗೆ, ಅಂದರೆ ಇಲ್ಲಿ ಶೆಲ್‌ಗೆ. ಶೆಲ್ ಅದನ್ನು ಮಗುವಿಗೆ ದಾಟಿಸುವುದಿಲ್ಲ. ಕಂಟೇನರ್ ಒಳಗೆ ಅದರ ಪಿಐಡಿ 1. ಪಿಐಡಿ 1 ತಾನಾಗಿ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಸಿಗ್‌ಟರ್ಮ್ ಅದಕ್ಕೆ ತಟ್ಟುವುದಿಲ್ಲ, ಹಾಗಾಗಿ ಶೆಲ್ ತಾನೂ ಸಾಯುವುದಿಲ್ಲ. 10 ಸೆಕೆಂಡ್ ಕಾದು ಡಾಕರ್ ಎಲ್ಲರನ್ನೂ ಕೊಲ್ಲುತ್ತದೆ. ಪಾಪ, ಪೈಥಾನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ.

ಈ ನಂಬರ್‌ಗಳ ಬಗ್ಗೆ ಒಂದು ಮಾತು. ನಾನು ಕಂಟೇನರ್ ಒಳಗಿನಿಂದ 18467ಕ್ಕೆ ಸಿಗ್ನಲ್ ಕಳಿಸಿ ನೋಡಿದೆ. ಅಂಥ ಪ್ರೋಸೆಸ್ಸೇ ಇಲ್ಲ ಅಂತು. ಟಾಪ್ ತೋರಿಸುವುದು ಹೋಸ್ಟ್ ಲೆಕ್ಕದ ಪಿಐಡಿ, ಒಳಗಿನ ಲೆಕ್ಕವೇ ಬೇರೆ. ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಬಳಸುವವರಿಗೆ ಅದು ಹಿಂದೆ ಓಡುತ್ತಿರುವ ಲಿನಕ್ಸ್ ವರ್ಚುವಲ್ ಮಷಿನ್‌ನ ನಂಬರ್. ಮ್ಯಾಕ್‌ನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇದು ಲಿನಕ್ಸಿನ ಮಾಮೂಲಿ ಟಾಪ್ ಥರ ತಾನೇ ಬದಲಾಗುತ್ತಾ ಇರುವುದಿಲ್ಲ. ಆ ಕ್ಷಣದ ಒಂದು ಫೋಟೋ ಅಷ್ಟೇ. ನೋಡ್ತಾ ಇರಬೇಕು ಅಂದರೆ ಮುಂದೆ 'ವಾಚ್' ಸೇರಿಸಿ. ಸಿಪಿಯು, ಮೆಮೊರಿ ಬೇಕಿದ್ದರೆ 'ಡಾಕರ್ ಸ್ಟ್ಯಾಟ್ಸ್' ಇದೆ. ಪಿಎಸ್‌ನ ಆಪ್ಷನ್‌ಗಳನ್ನು ಕೊಟ್ಟು ಬೇರೆ ಕಾಲಮ್‌ ನೋಡಬೇಕಾದರೆ, ಕಂಪೋಸ್ ಬಿಟ್ಟು ಬರೀ 'ಡಾಕರ್ ಟಾಪ್' ಬಳಸಿ, ಒಂದೊಂದೇ ಕಂಟೇನರ್ ಹೆಸರು ಕೊಡಬೇಕು.

ರಿಪೇರಿ ಒಂದೇ ಪದದ್ದು. ಸ್ಟಾರ್ಟ್ ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಪೈಥಾನ್ ಮುಂದೆ 'ಎಕ್ಸೆಕ್' ಅಂತ ಸೇರಿಸಿದೆ (ಇದು ಶೆಲ್‌ನದ್ದು, ಆಗ ಒಳಗೆ ಹೋಗಲು ಬಳಸಿದ ಡಾಕರ್‌ನದ್ದಲ್ಲ). ಆಗ ಶೆಲ್ ತನ್ನ ಜಾಗವನ್ನೇ ಪೈಥಾನ್‌ಗೆ ಬಿಟ್ಟುಕೊಡುತ್ತದೆ. ಇಮೇಜ್ ಮತ್ತೆ ಬಿಲ್ಡ್ ಮಾಡಿ ಟಾಪ್ ನೋಡಿದರೆ ಒಂದೇ ಸಾಲು, ಪೈಥಾನ್ ಮಾತ್ರ. ಸ್ಟಾಪ್ ಕೊಟ್ಟೆ. ನಾನು ಬರೆದಿದ್ದ 'ಕೆಲಸ ಮುಗಿಸಿ ಹೊರಡುತ್ತಿದ್ದೇನೆ' ಅನ್ನುವ ಸಾಲು ಲಾಗಿನಲ್ಲಿ ಮೊದಲ ಸಲ ಕಾಣಿಸಿತು.