ತಲೆ ಮೇಲೆ ಕೆಲಸದ ರಾಶಿ ಬಿದ್ದಾಗ ಏನ್ ಮಾಡೋದು

ರಾತ್ರಿ ಹಾಸಿಗೆಗೆ ತಲೆ ಕೊಟ್ಟ ತಕ್ಷಣ ಅಯ್ಯೋ ಆ ಮೇಲ್ ಕಳಿಸ್ಲೇ ಇಲ್ಲ, ನಾಳೆ ಮೀಟಿಂಗ್‌ಗೆ ಏನೂ ರೆಡಿ ಇಲ್ಲ, ಬಿಲ್ ಕಟ್ಟೋಕೆ ಇವತ್ತೇ ಕೊನೇ ದಿನ ಆಗಿತ್ತು ಅಂತ ಒಂದರ ಹಿಂದೆ ಒಂದು ನೆನಪಾಗಿ ನಿದ್ದೆ ಹಾರಿಹೋಗತ್ತಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾನು ಕಂಡಂಗೆ ಮಾಡಿದ ಕೆಲಸಕ್ಕಿಂತ ಮಾಡದೇ ತಲೇಲಿ ಹೊತ್ಕೊಂಡು ತಿರುಗೋ ಕೆಲಸಾನೇ ಮನುಷ್ಯನ್ನ ಜಾಸ್ತಿ ಸುಸ್ತು ಮಾಡೋದು.

ಬ್ಲೂಮಾ ಝೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ 1927ರಲ್ಲೇ ತಮ್ಮ ಪ್ರಯೋಗದಲ್ಲಿ ಇದನ್ನ ಕಂಡಿದ್ರು, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ಬಿಡಿಸಿದ ಕೆಲಸಾನೇ ಜನಕ್ಕೆ ಚೆನ್ನಾಗಿ ನೆನಪಲ್ಲಿ ಉಳೀತಿತ್ತು. ಆದ್ರೆ ನಮಗೆ ಉಪಯೋಗಕ್ಕೆ ಬರೋ ಮಾತು 2011ರಲ್ಲಿ ಮಸಿಕಾಂಪೊ ಮತ್ತೆ ಬೌಮೈಸ್ಟರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದು, ಕೆಲಸ ಮುಗೀದೇ ಇದ್ರೂ ಅದನ್ನ ಯಾವಾಗ ಹೇಗೆ ಮಾಡ್ತೀನಿ ಅಂತ ಸರಿಯಾಗಿ ಪ್ಲಾನ್ ಹಾಕಿದ್ರೆ ಅದು ತಲೇಲಿ ಕಾಟ ಕೊಡೋದು ಕಮ್ಮಿ ಆಗತ್ತೆ.

ಸೋ ಮೊದಲು ಒಂದು ಹಾಳೆ ತಗೊಳ್ಳಿ, ಹದಿನೈದು ನಿಮಿಷ ಕೂತು ಆಫೀಸು, ಮನೆ, ಯಾರಿಗೋ ಮಾಡ್ಬೇಕಾಗಿರೋ ಫೋನು, ಚಿಕ್ಕದು ದೊಡ್ಡದು ನೋಡದೇ ಎಲ್ಲಾ ಬರೀರಿ. ಆಮೇಲೆ ಒಂದೊಂದು ಸಾಲನ್ನೂ ಕೈಯಲ್ಲಿ ಮಾಡೋ ಕೆಲಸವಾಗಿ ಬದಲಾಯಿಸಿ. ಬರೀ "ರಿಪೋರ್ಟ್" ಅಂತ ಬರೆದ್ರೆ ಅದನ್ನ ನೋಡಿದಾಗೆಲ್ಲ ಎದೆ ಧಸಕ್ ಅನ್ನತ್ತೆ, ಅದೇ "ಹೋದ ತಿಂಗಳ ಫೈಲ್ ತೆಗೆದು ಮೊದಲ ಟೇಬಲ್‌ಗೆ ಹೊಸ ನಂಬರ್ ತುಂಬೋದು, ನಾಳೆ ಹತ್ತು ಗಂಟೆಗೆ" ಅಂತ ಬರೆದ್ರೆ ಅದು ಇಪ್ಪತ್ತು ನಿಮಿಷದ ಕೆಲಸ ಅಷ್ಟೇ ಅಂತ ಗೊತ್ತಾಗತ್ತೆ.

ಇವತ್ತಿಗೆ ಅದ್ರಲ್ಲಿ ಮೂರೇ ಆರಿಸ್ಕೊಳ್ಳಿ. ಎಷ್ಟು ಹೊತ್ತು ಹಿಡಿಯತ್ತೆ ಅಂತ ಅಂದಾಜು ಹಾಕುವಾಗ ಮನಸ್ಸನ್ನ ಕೇಳ್ಬೇಡಿ, ಹೋದ ಸಲ ಇದೇ ಕೆಲಸಕ್ಕೆ ಎಷ್ಟು ಹಿಡೀತು ಅಂತ ನೆನಪು ಮಾಡ್ಕೊಳ್ಳಿ, ಯಾಕಂದ್ರೆ ನಾವೆಲ್ಲ ಯಾವಾಗ್ಲೂ ಕಮ್ಮಿ ಟೈಮೇ ಅಂದಾಜು ಮಾಡೋದು, ಕಾನೆಮನ್ ಮತ್ತೆ ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಒಂದು ಹೆಸರೂ ಇಟ್ಟಿದ್ರು, ಪ್ಲಾನಿಂಗ್ ಫ್ಯಾಲಸಿ ಅಂತ.

ಈಗ ಕಷ್ಟದ ಭಾಗ. ಪಟ್ಟಿ ಎಷ್ಟೇ ಚೆನ್ನಾಗಿ ಮಾಡಿದ್ರೂ ಎರಡು ಜನರ ಕೆಲಸ ಒಬ್ಬರ ಮೇಲೆ ಬಿದ್ದಿದ್ರೆ ಪಟ್ಟಿಯಿಂದ ಏನೂ ಆಗಲ್ಲ, ಬಾಯಿ ಬಿಡ್ಲೇಬೇಕು. ನಾನು ತುಂಬಾ ದಿನ ಏನೇ ಕೊಟ್ರೂ ಹೂಂ ಅಂತಿದ್ದೆ, ಒಂದ್ಸಲ ಶುಕ್ರವಾರ ಸಂಜೆ ಐದಕ್ಕೆ ಇದು ಆಗಿಲ್ಲ ಸರ್ ಅಂತ ಬಾಸ್‌ಗೆ ಹೇಳಿದಾಗ ಅವರು ಬೇಜಾರು ಮಾಡ್ಕೊಂಡಿದ್ದು ಕೆಲಸ ಆಗದೇ ಇದ್ದಿದ್ದಕ್ಕಲ್ಲ, ಮಂಗಳವಾರಾನೇ ಯಾಕೆ ಹೇಳ್ಲಿಲ್ಲ ಅಂತ. ಆವತ್ತಿಂದ ಹೊಸ ಕೆಲಸ ಬಂದ ತಕ್ಷಣ ಹಿಂಗೆ ಬರೀತೀನಿ: "ಈಗ ನನ್ನ ಹತ್ರ ಈ ಮೂರು ಕೆಲಸ ಇದೆ, ಇದನ್ನ ಮೊದಲು ತಗೊಂಡ್ರೆ ಎರಡನೇದು ಸೋಮವಾರಕ್ಕೆ ಹೋಗತ್ತೆ, ಯಾವುದು ಮೊದಲು ಬೇಕು ಹೇಳಿ." ಆಗಲ್ಲ ಅಂತ ಮುಖಕ್ಕೆ ಹೊಡೆದಂಗೂ ಆಗಲ್ಲ, ಆರಿಸೋ ಜವಾಬ್ದಾರಿ ಆರಿಸಬೇಕಾದೋರ ಹತ್ರಾನೇ ಇರತ್ತೆ. ಮೊದಲ ಸಲ ಕೈ ನಡುಗತ್ತೆ, ಆದ್ರೂ ಕಳಿಸಿ.

ಕೆಲಸದ ಮಧ್ಯೆ ಯಾರಾದ್ರೂ ಕರೆದ್ರೆ ಏಳೋ ಮುಂಚೆ ಎಲ್ಲಿಗೆ ನಿಲ್ಸಿದ್ದೀನಿ, ಮುಂದೆ ಏನು ಅಂತ ಒಂದೇ ಒಂದು ಸಾಲು ಬರೆದಿಟ್ಟು ಏಳಿ, ವಾಪಸ್ ಬಂದಾಗ ಹುಡುಕಾಡೋದು ತಪ್ಪತ್ತೆ. ನೋಟಿಫಿಕೇಶನ್ ಆಫ್ ಮಾಡಿ.

ಎದೆ ಜೋರಾಗಿ ಹೊಡ್ಕೊಳ್ತಾ ಇರೋವಾಗ ಮಾತ್ರ ಪಟ್ಟಿ ಮುಟ್ಬೇಡಿ, ಮೊದಲು ಉಸಿರು. ನಾಲ್ಕು ಎಣಿಸೋವರೆಗೂ ಒಳಗೆ ತಗೊಳ್ಳಿ, ಆರು ಎಣಿಸೋವರೆಗೂ ನಿಧಾನಕ್ಕೆ ಬಿಡಿ, ಐದು ನಿಮಿಷ. ಉಸಿರು ಬಿಡುವಾಗ ಮೆದುಳಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನ ಆಗತ್ತೆ, ಅದಕ್ಕೇ ಬಿಡೋದು ಉದ್ದ ಇರ್ಬೇಕು. ಕಾಫಿ ಕುಡಿಯೋರು ಇದೊಂದು ನೆನಪಿಡಿ, ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದಿದ್ದು ರಾತ್ರಿ ಹತ್ತಕ್ಕೂ ಅರ್ಧ ಮೈಯಲ್ಲೇ ಇರತ್ತೆ. ದೊಡ್ಡೋರಿಗೆ ಏಳು ಗಂಟೆ ನಿದ್ದೆಯಾದ್ರೂ ಬೇಕೇಬೇಕು, ಅದನ್ನ ಕಡಿದು ಕೆಲಸ ಮಾಡಿದ್ರೆ ಮಾರನೇ ದಿನ ಅದೇ ಕೆಲಸಕ್ಕೆ ಡಬಲ್ ಹೊತ್ತು ಹಿಡಿದಿದ್ದು ನಾನೇ ನೋಡಿದ್ದೀನಿ.

ಇಷ್ಟೆಲ್ಲಾ ಮಾಡಿದ್ರೂ ರಜೆ ಮುಗಿಸಿ ಬಂದ ದಿನಾನೂ ಮೈ ಸೋತಂಗೇ ಇದ್ರೆ, ಇಷ್ಟಪಟ್ಟು ಮಾಡ್ತಿದ್ದ ಕೆಲಸದ ಮೇಲೇ ಜಿಗುಪ್ಸೆ ಬಂದಿದ್ರೆ, ಏನ್ ಮಾಡಿದ್ರೂ ಸರಿಯಾಗಿ ಆಗ್ತಿಲ್ಲ ಅನ್ಸಿದ್ರೆ, ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್ ಅಂತ ಹೇಳೋದು ಈ ಮೂರನ್ನೇ. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ನಿದ್ದೆ, ಊಟ, ಮನಸ್ಸು ಮೂರೂ ಕೆಟ್ಟಿದ್ರೆ ದಯವಿಟ್ಟು ಡಾಕ್ಟರ್ ಹತ್ರ ಹೋಗಿ, ಬದುಕೋದೇ ಬೇಡ ಅನ್ನೋ ಯೋಚನೆ ಒಂದ್ಸಲ ಬಂದಿದ್ರೂ ಎರಡು ವಾರ ಕಾಯ್ಬೇಡಿ, ಇವತ್ತೇ ಯಾರಿಗಾದ್ರೂ ಹೇಳಿ. ಡಾಕ್ಟರ್ ಹತ್ರ ಹೋಗುವಾಗ ಎಷ್ಟು ದಿನದಿಂದ, ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗತ್ತೆ ಅಂತೆಲ್ಲಾ ಒಂದು ಚೀಟೀಲಿ ಬರ್ಕೊಂಡು ಹೋಗಿ, ಅಲ್ಲಿ ಎದುರಿಗೆ ಕೂತಾಗ ಅರ್ಧ ಮರೆತುಹೋಗಿ ಪರವಾಗಿಲ್ಲ ಡಾಕ್ಟ್ರೇ ಅಂದ್ಬಿಡ್ತೀವಿ.