ಹಿಸ್ಟರಿ ಮೇಜರ್ ಇಟ್ಟುಕೊಂಡೇ ಮೆಡಿಕಲ್ ಸೇರಿದ್ದು

"ಹಿಸ್ಟರಿ ಓದ್ಕೊಂಡು ಡಾಕ್ಟ್ರು ಹೆಂಗಮ್ಮಾ ಆಗ್ತೀಯ?" ಹಾಸನದಿಂದ ಫೋನ್ ಮಾಡಿದಾಗಲೆಲ್ಲ ದೊಡ್ಡಪ್ಪ ಕೇಳುತ್ತಿದ್ದ ಪ್ರಶ್ನೆ ಇದು. ಪಿಯುಸಿಯಲ್ಲಿ ಪಿಸಿಬಿ ತಗೊಂಡು, ನೀಟ್ ಬರೆದರೆ ಮಾತ್ರ ಎಂಬಿಬಿಎಸ್ ಅಂತ ಗೊತ್ತಿರುವವರು ಹಾಗೆ ಕೇಳದೆ ಇನ್ನೇನು ಕೇಳಿಯಾರು! ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು. ಡಿಗ್ರಿಯ ಮುಖ್ಯ ವಿಷಯ, ಅಂದರೆ 'ಮೇಜರ್', ಯಾವುದಾದರೂ ಆಗಬಹುದು; ನನ್ನದು ಹಿಸ್ಟರಿ. 'ಪ್ರೀ-ಮೆಡ್' ಅಂದರೆ ಅದರ ಜೊತೆಗೆ ಮುಗಿಸಬೇಕಾದ ಕೋರ್ಸುಗಳು ಅಷ್ಟೇ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಸಾಮಾನ್ಯವಾಗಿ ಒಂದೊಂದು ವರ್ಷ, ಲ್ಯಾಬ್ ಸಮೇತ. ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಬೇರೆ.

ಮೊದಲ ಸೆಮಿಸ್ಟರಿನಲ್ಲೇ ಎಡವಿದೆ. ಹಾಸ್ಟೆಲಿನಲ್ಲಿ ಎಲ್ಲರೂ ತಗೊಂಡರು ಅಂತ ನಾನೂ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ಮೂರನ್ನೂ ಒಟ್ಟಿಗೆ ತಗೊಂಡೆ. ಕೆಮಿಸ್ಟ್ರಿಯಲ್ಲಿ ಬಿ ಮೈನಸ್ ಬಂತು. ಸಲಹೆ ಕೊಡಲೆಂದೇ ಇದ್ದವರೊಬ್ಬರು, "ಒಂದೋ ಹಿಸ್ಟರಿ ಬಿಡು, ಇಲ್ಲ ಮೆಡಿಕಲ್ ಬಿಡು" ಅಂದರು. ಎರಡನ್ನೂ ಬಿಡಲಿಲ್ಲ. ರೂಮಿಗೆ ಬಂದು ಲೆಕ್ಕ ಹಾಕಿದೆ.

ಆ ಲೆಕ್ಕವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೆಡಿಕಲ್ ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು (ಎ ಅಂದರೆ 4, ಸಿ ಅಂದರೆ 2), ಪ್ರತ್ಯೇಕವಾಗಿ ತೆಗೆಯುತ್ತಾರೆ. ಬಯಾಲಜಿ ಮೇಜರ್‌ನವರಿಗೆ ಅಂಥ ಕೋರ್ಸು 24 ಇದ್ದರೆ ನನಗೆ 12. ಉಳಿದದ್ದೆಲ್ಲ ಎ ಬಂದು ಒಂದರಲ್ಲಿ ಸಿ ಬಿದ್ದರೆ ಅವರಿಗೆ ಹೋಗುವುದು 0.08, ನನಗೆ 0.17. ಹಿಸ್ಟರಿಯಲ್ಲಿ ಎಷ್ಟೇ ಎ ಬಂದರೂ ಆ ತೂತು ಮುಚ್ಚುವುದಿಲ್ಲ. ಅವತ್ತೇ ನಿಯಮ ಮಾಡಿಕೊಂಡೆ: ಸೆಮಿಸ್ಟರಿಗೆ ಲ್ಯಾಬ್ ಇರುವ ಸೈನ್ಸ್ ಒಂದೇ. ಫಿಸಿಕ್ಸ್ ಬೇಸಿಗೆ ರಜೆಗೆ.

ಇಷ್ಟಾದರೂ ಆರ್ಗಾನಿಕ್ ನನ್ನನ್ನು ಸತಾಯಿಸದೆ ಬಿಡಲಿಲ್ಲ. ಮೊದಲ ಟೆಸ್ಟಿನಲ್ಲಿ ನೂರಕ್ಕೆ 43, ಕ್ಲಾಸಿನ ಸರಾಸರಿ 61. ರಿಯಾಕ್ಷನ್‌ಗಳನ್ನು ಕಾರ್ಡಿನಲ್ಲಿ ಬರೆದುಕೊಂಡು ಮಗ್ಗಿ ಥರ ಉರು ಹೊಡೆದಿದ್ದೆ. ಪ್ರಶ್ನೆಯಲ್ಲಿ ಒಂದು ಮೀಥೈಲ್ ಗುಂಪು ಜಾಗ ಬದಲಿಸಿದರೆ ಸಾಕು, ಕೈ ನಿಂತುಹೋಗುತ್ತಿತ್ತು. ಕಾರ್ಡುಗಳನ್ನು ಎತ್ತಿಟ್ಟು, ದಿನಾ ಸಂಜೆ ಹತ್ತು ಮೆಕ್ಯಾನಿಸಂ (ರಿಯಾಕ್ಷನ್ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಬಗೆ) ಖಾಲಿ ಹಾಳೆಯ ಮೇಲೆ ಬಾಣ ಹಾಕಿ ಬಿಡಿಸತೊಡಗಿದೆ. ಎಲೆಕ್ಟ್ರಾನ್ ಯಾರ ಹತ್ತಿರ ಹೆಚ್ಚಿದೆ, ಯಾರಿಗೆ ಬೇಕಾಗಿದೆ, ಕೊಟ್ಟ ಮೇಲೆ ಯಾರು ಜಾಗ ಖಾಲಿ ಮಾಡುತ್ತಾರೆ? ಹಳೇ ಜಮೀನು ವ್ಯಾಜ್ಯದ ಕಾಗದ ಓದಿದ ಹಾಗೇ! ಸೈಕ್ಲೋಹೆಕ್ಸೇನ್ ಅನ್ನುವ ಆರು ಕಾರ್ಬನ್ನಿನ ಉಂಗುರದ ಕುರ್ಚಿ ಆಕಾರ ಮಾತ್ರ ಹಾಳೆಯ ಮೇಲೆ ತಲೆಗೆ ಹೋಗಲಿಲ್ಲ. ಪ್ಲಾಸ್ಟಿಕ್ ಮಾಡೆಲ್ ಕೊಂಡು, ತಟ್ಟೆ ಪಕ್ಕದಲ್ಲಿಟ್ಟುಕೊಂಡು, ಎಡಗೈಯಲ್ಲಿ ಮಗುಚಿ ಮಗುಚಿ ನೋಡಿದೆ. ಮೇಲಕ್ಕೆ ನಿಂತಿದ್ದ ಹೈಡ್ರೋಜನ್ ಪಕ್ಕಕ್ಕೆ ವಾಲಿದ್ದು ಕಣ್ಣಿಗೆ ಕಂಡಾಗ ಅರ್ಥವಾಯಿತು. ಕೊನೆಗೆ ಬಿ ಪ್ಲಸ್.

ಶಿಫಾರಸು ಪತ್ರದ್ದು ಇನ್ನೊಂದು ತಲೆನೋವು. ಸೈನ್ಸ್ ಪ್ರೊಫೆಸರ್‌ಗಳಿಂದ ಎರಡು ಪತ್ರ ಬೇಕು ಅನ್ನುವ ಮೆಡಿಕಲ್ ಸ್ಕೂಲುಗಳು ಬಹಳ. ಮುನ್ನೂರು ಜನರ ಕ್ಲಾಸಿನಲ್ಲಿ ನನ್ನ ಮುಖ ಯಾರಿಗೆ ನೆನಪಿರುತ್ತೆ? ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ 'ಆಫೀಸ್ ಅವರ್'ಗೆ ಪ್ರತಿ ವಾರ ಹೋಗಿ ಕೂತೆ, ಕೇಳಲು ಪ್ರಶ್ನೆ ಇಲ್ಲದ ವಾರವೂ.

ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ನಾಲ್ಕು ಭಾಗ. ಅದರಲ್ಲಿ 'ಕಾರ್ಸ್' ಬರೀ ಓದಿ ಅರ್ಥ ಮಾಡಿಕೊಳ್ಳುವುದು: 90 ನಿಮಿಷ, 53 ಪ್ರಶ್ನೆ. ಸೈನ್ಸಿನ ಗೆಳೆಯರು ಬೆವರುತ್ತಿದ್ದದ್ದು ಅಲ್ಲೇ. ನನಗೆ ಮಾತ್ರ ಅದು ಉಸಿರಾಡುವ ಜಾಗ.

ಹಿಸ್ಟರಿ ನಿಜವಾಗಿ ಕೈ ಹಿಡಿದದ್ದು ಇಂಟರ್‌ವ್ಯೂನಲ್ಲಿ. ನನ್ನ ಥೀಸಿಸ್ 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಮೇಲಿತ್ತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ಬೆನ್ನಿಗೇ. ಇಂಟರ್‌ವ್ಯೂ ಮಾಡಿದ ವೈದ್ಯೆ ಆರ್ಗಾನಿಕ್ ವಿಷಯ ಎತ್ತಲೇ ಇಲ್ಲ. "ಜನ ಕಾಯಿಲೆಯವರನ್ನು ಯಾಕೆ ಬಚ್ಚಿಡುತ್ತಿದ್ದರು?" ಅಂತ ಕೇಳಿದರು. ಮನೆಯವರನ್ನು ಎಳೆದುಕೊಂಡು ಹೋಗಿ ಕ್ಯಾಂಪಿಗೆ ಹಾಕುತ್ತಾರೆ ಅನ್ನುವ ಭಯ ಅಂದೆ. ನಾನು ವಾಲಂಟಿಯರ್ ಆಗಿದ್ದ ಕ್ಲಿನಿಕ್ಕಿಗೆ ಬರುತ್ತಿದ್ದ ಅಜ್ಜನ ಕಥೆಯನ್ನೂ ಹೇಳಿದೆ. ಮಾತ್ರೆ ದಿನಾ ನುಂಗುತ್ತೇನೆ ಅನ್ನುತ್ತಿದ್ದರು, ಡಬ್ಬಿ ಅಲ್ಲಾಡಿಸಿದರೆ ತುಂಬಿದ ಸದ್ದು. ಹೇಳಿದರೆ ಡಾಕ್ಟರು ಬೈತಾರೆ ಅನ್ನುವುದೇ ಅವರ ಭಯ. ಆಮೇಲಿನ ಮಾತೆಲ್ಲ ಅದರ ಮೇಲೇ ನಡೆಯಿತು.

ಈಗಾದರೆ ಒಂದು ಬದಲಿಸುತ್ತಿದ್ದೆ. ಎಂಕ್ಯಾಟ್‌ನಲ್ಲಿ ಬರುವ ಬಯೋಕೆಮಿಸ್ಟ್ರಿಯನ್ನು ಕೊನೆಯ ವರ್ಷಕ್ಕೆ ತಳ್ಳಿದ್ದರಿಂದ ಪರೀಕ್ಷೆಯೇ ತಡವಾಯಿತು, ಅರ್ಜಿ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷ ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರ ಹಿಂದೆ ಓಡಾಡುತ್ತ ಅವರು ಹೇಳಿದ್ದನ್ನು ಟೈಪ್ ಮಾಡುವ ಕೆಲಸ ಮಾಡಿದೆ. ದೊಡ್ಡಪ್ಪನಿಗೆ ಅಪ್ಪ ಅದನ್ನು ವಿವರಿಸಿದ್ದು ಹೀಗೆ: "ಆಸ್ಪತ್ರೇಲಿ ಸೇರ್ಕೊಂಡ್ಲು." ನಾನೂ ತಿದ್ದಲಿಲ್ಲ.